ತೆಳು ಬಣ್ಣದಲ್ಲೇ ಮುಖಕ್ಕೆ ಜೀವ ಬಂತು

ಉತ್ತರ ಅಮೆರಿಕದ ಕೈನಾಯ್ ಜನರ ಮುಖಂಡ ಸ್ಟು-ಮಿಕ್-ಓ-ಸಕ್ಸ್ ಅವರ ಚಿತ್ರವನ್ನು ಅಮೆರಿಕದ ಚಿತ್ರಕಾರ ಜಾರ್ಜ್ ಕ್ಯಾಟ್ಲಿನ್ ಬರೆದದ್ದು 1832ರಲ್ಲಿ. ಅದನ್ನು ತೆಳು ಎಣ್ಣೆಬಣ್ಣದಲ್ಲಿ, ಕೂತ ಜಾಗದಿಂದ ಏಳದೆ ನಕಲು ಮಾಡುತ್ತೇನೆ ಅಂದಾಗ ಧಾರವಾಡದ ಗೆಳೆಯರು ಯಾರೂ ಒಪ್ಪಲಿಲ್ಲ. ನಾಲ್ಕೈದು ಪದರ ಏರಿಸದೆ ಚರ್ಮಕ್ಕೆ ಜೀವ ಬರಲ್ಲ ಅನ್ನುವುದು ಅವರ ವಾದ. ಚಿತ್ರ ಈಗ ನನ್ನ ಗೋಡೆ ಮೇಲಿದೆ, ಬಂದು ನೋಡಲಿ.

ಕ್ಯಾಟ್ಲಿನ್‌ಗೆ ಪುರುಸೊತ್ತು ಎಲ್ಲಿತ್ತು? ಯೆಲ್ಲೋ ಸ್ಟೋನ್ ಎಂಬ ಸ್ಟೀಮರ್ ಹತ್ತಿ, ಮಿಸೌರಿ ನದಿಯಲ್ಲಿ ವ್ಯಾಪಾರದ ಕೋಟೆಯಾದ ಫೋರ್ಟ್ ಯೂನಿಯನ್‌ವರೆಗೆ ಹೋದವನು. ಮುಖಕ್ಕೆ ಪೂರ್ತಿ ಗಮನ ಕೊಟ್ಟು, ಬಟ್ಟೆಬರೆಯನ್ನು ಬೇಗ ಬೇಗ ಮುಗಿಸುತ್ತಿದ್ದ. ನಾನು ಹಿಡಿದದ್ದೂ ಅದೇ ದಾರಿ.

ದುಡ್ಡು ಜಾಸ್ತಿ ಹೋದದ್ದು ಪ್ರಿಂಟಿಗೆ. ಅಮೆರಿಕದ ಮ್ಯೂಸಿಯಂ ಸಂಸ್ಥೆ ಸ್ಮಿತ್ಸೋನಿಯನ್‌ನವರು ಚಿತ್ರವನ್ನು ಇಂಟರ್ನೆಟ್‌ನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಆದರೆ ಲ್ಯಾಬಿನಲ್ಲಿ ತೆಗೆಸಿದ ಪ್ರಿಂಟೆಲ್ಲ ಕೆಂಪು ಹೊಡೆದವು. ಸುಮಾರು ಸಾವಿರದ ಐನೂರು ರೂಪಾಯಿ ದಂಡ. ಕೊನೆಗೆ ಟ್ಯಾಬ್ಲೆಟ್ಟನ್ನೇ ಈಸೆಲ್ ಪಕ್ಕ ನಿಲ್ಲಿಸಿಕೊಂಡೆ. ರೆಡಿಮೇಡ್ ಕ್ಯಾನ್ವಾಸ್ ಇನ್ನೊಂದು ತಲೆನೋವು. ಎಣ್ಣೆಯನ್ನೆಲ್ಲ ಕುಡಿದು, ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಮಂಕಾಗುತ್ತಿತ್ತು. ಇನ್ನೊಂದು ಕೈ ಪ್ರೈಮರ್ ಹೊಡೆದು, ಉಜ್ಜುಕಾಗದದಲ್ಲಿ ತಿಕ್ಕಿದ ಮೇಲೆ ಸರಿಹೋಯಿತು.

ಮುಖಕ್ಕೆ ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್, ಬಿಳಿ, ಚೂರು ಇಂಡಿಯನ್ ರೆಡ್. ನೆರಳಿಗೂ ಕಪ್ಪು ಮುಟ್ಟಲಿಲ್ಲ. ಬಣ್ಣ ತೆಳು ಮಾಡುವ ಟರ್ಪೆಂಟೈನಿಗೆ ಎಣ್ಣೆ ಎಷ್ಟು ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ಎದೆ ಮೇಲಿನ ದುಂಡು ಕಸೂತಿ ನೋಡಿ. ಮುಳ್ಳುಹಂದಿಯ ಮುಳ್ಳಿಗೆ ಬಣ್ಣ ಕಟ್ಟಿ, ಚರ್ಮದ ಅಂಗಿಗೆ ಹೊಲಿದದ್ದು. ಒಂದೊಂದೇ ಮುಳ್ಳು ಬರೆಯಲು ಹೋದರೆ ಕೆಲಸ ಕೆಟ್ಟಿತು. ಹಸಿ ಬಣ್ಣದ ಮೇಲೆ ಉದ್ದ ಕೂದಲಿನ ಸಣ್ಣ ಬ್ರಷ್‌ನಿಂದ ಸರಸರ ಗೀಟು ಎಳೆಯಬೇಕು, ಮತ್ತೆ ತಿದ್ದಬಾರದು. ಸುಮ್ನೆ ಬ್ರಷ್ಷಿನ ಹಿಂತುದಿಯಿಂದ ಕೆರೆದೂ ನೋಡಿದೆ. ಅದು ಕಸೂತಿಗೆ ಒಗ್ಗಲಿಲ್ಲ, ಕೂದಲಿಗೆ ಮಾತ್ರ ಬಹಳ ಚೆನ್ನಾಗಿ ಬಂತು. ಅಕ್ರಿಲಿಕ್‌ನಲ್ಲಿ ಎರಡೂ ಆಗಲಿಲ್ಲ.

ಈ ಮೂಲ ಚಿತ್ರವನ್ನು 1846ರಲ್ಲಿ ದೊಡ್ಡ ಚಿತ್ರಪ್ರದರ್ಶನವಾದ ಪ್ಯಾರಿಸ್‌ನ ಸಲೋನ್‌ನಲ್ಲಿ ಇಟ್ಟಾಗ ಫ್ರೆಂಚ್ ಕವಿ ಬೋದಲೇರ್ ಮೆಚ್ಚಿ ಬರೆದ. ಆದರೂ 1852ರಲ್ಲಿ ಸಾಲ ತೀರಿಸಲಾಗದೆ ಕ್ಯಾಟ್ಲಿನ್ ತನ್ನ ಇಡೀ ಸಂಗ್ರಹವನ್ನೇ ಕಳೆದುಕೊಂಡ. ನೆನೆದರೆ ಹೊಟ್ಟೆ ಉರಿಯುತ್ತದೆ.

ನನಗೆ ಈ ಪದ್ಧತಿ ಕೈಹಿಡಿದಿದೆ. ಗಿರಾಕಿಯೊಬ್ಬರ ಅಜ್ಜನ ಪೋರ್ಟ್ರೇಟನ್ನು ಹೀಗೇ ಮಾಡಿ, ಹತ್ತು ಹನ್ನೆರಡು ಸಾವಿರ ಪಡೆದೆ. ಮೊದಲಿನ ಅರ್ಧ ಹೊತ್ತೂ ಹಿಡಿಯಲಿಲ್ಲ. ನಕಲನ್ನು ಮಾತ್ರ ಮಾರುವುದಿಲ್ಲ. ಫ್ರೇಮಿನ ಕೆಳಗೆ ಮುಖಂಡರ ಹೆಸರು, ಅವರ ಜನರ ಹೆಸರು ಬರೆದಿದ್ದೇನೆ. ಬಂದವರು ‘ಯಾರೋ ರೆಡ್ ಇಂಡಿಯನ್’ ಅಂದರೆ ನನಗೆ ಸರಿಬರುವುದಿಲ್ಲ. ಇನ್ನು ಕ್ಯಾಟ್ಲಿನ್ ಬರೆದ, ಮಂಡಾನ್ ಜನರ ಮುಖಂಡ ಮಾ-ಟೊ-ಟೊ-ಪಾ ಅವರ ನಿಂತ ಚಿತ್ರ ಮಾಡಬೇಕು. ಅದಕ್ಕೆ ಕ್ಯಾನ್ವಾಸನ್ನು ನಾನೇ ಬಿಗಿಯುತ್ತೇನೆ.