‘ಐ ಆ್ಯಮ್ ಹ್ಯಾವಿಂಗ್’ ಕಾಟ ಬಿಡಿಸಿಕೊಂಡದ್ದು ಹೀಗೆ

ಆಫೀಸ್ ಮೇಲ್‌ಗಳಲ್ಲಿ ನಾನು ಬರೆಯುತ್ತಿದ್ದದ್ದು: ‘ಐ ಆ್ಯಮ್ ಹ್ಯಾವಿಂಗ್ ಒನ್ ಡೌಟ್’, ‘ಶಿ ಹ್ಯಾವ್ ಟೂ ಸಿಸ್ಟರ್ಸ್’. ಎರಡೂ ತಪ್ಪು.

ಹ್ಯಾವ್-ಹ್ಯಾಸ್ ಪಟ್ಟಿ ಬಾಯಿಪಾಠ ಮಾಡಿದೆ, ಮಾತಿನ ಓಟದಲ್ಲಿ ನೆನಪಾಗಲಿಲ್ಲ. ಗ್ರಾಮರ್ ಆ್ಯಪ್ ಮೇಲ್ ತಿದ್ದಿತು, ಫೋನಲ್ಲಿ ಮಾತಾಡುವಾಗ ಅದೆಲ್ಲಿ ಬರುತ್ತೆ?

ತೊಡಕು ಇದ್ದದ್ದು ಕನ್ನಡದಲ್ಲಿ ಯೋಚಿಸುವುದರಲ್ಲಿ. ‘ಅವಳಿಗೆ ಇಬ್ಬರು ತಂಗಿಯರಿದ್ದಾರೆ’ ಅನ್ನುವಾಗ ನಮ್ಮ ಕ್ರಿಯಾಪದ ತಂಗಿಯರ ಹಿಂದೆ ಹೋಗುತ್ತದೆ. ಇಂಗ್ಲಿಷ್‌ನಲ್ಲಿ ಅದು ಅವಳ ಹಿಂದೆ ಹೋಗಬೇಕು. ಹಾಗಾಗಿ ಈ ಕ್ರಮ: ಮೊದಲು ‘ಗೆ’ ಅಥವಾ ‘ಹತ್ರ’ ಅಂಟಿದ ಪದ ಹುಡುಕಿ. ಆ ಬಾಲ ಕಿತ್ತುಹಾಕಿ. ‘ಅವಳಿಗೆ’ ಹೋಗಿ ‘ಅವಳು’ ಆಯ್ತು, ಅಲ್ವಾ? ಅದನ್ನು ಮುಂದೆ ಇಡಿ. ಹಿ, ಶಿ, ಇಟ್ ಅಥವಾ ಅವುಗಳ ಜಾಗದಲ್ಲಿ ಬರುವ ಒಬ್ಬರ, ಒಂದರ ಹೆಸರಾದರೆ (‘ಮೈ ಬ್ರದರ್’ ಥರದ್ದೂ ಸೇರಿ) ಹ್ಯಾಸ್, ಉಳಿದದ್ದಕ್ಕೆಲ್ಲ ಹ್ಯಾವ್. ತಂಗಿಯರು ಎಷ್ಟು ಜನ ಅಂತ ನೋಡಲೇಬೇಡಿ. ಡಸ್ ಬಂದರೆ ಹ್ಯಾಸ್ ಮತ್ತೆ ಹ್ಯಾವ್ ಆಗುತ್ತದೆ: ‘ಡಸ್ ಶಿ ಹ್ಯಾವ್ ಎ ಕಾರ್?’ ನಿನ್ನೆ-ಮೊನ್ನೆಯ ಮಾತಾದರೆ ಎಲ್ಲರಿಗೂ ಹ್ಯಾಡ್ (ಡಿಡ್ ಬಂದರೆ ಹ್ಯಾವ್), ತಲೆನೋವೇ ಇಲ್ಲ.

ಹ್ಯಾವಿಂಗ್‌ಗೆ ಒಂದು ಪರೀಕ್ಷೆ. ‘ನನಗಿದೆ’, ‘ನನ್ನ ಹತ್ರ ಇದೆ’ ಅನ್ನುವ ಅರ್ಥವಾದರೆ ಅದು ಬೇಡ. ‘ಊಟ ಮಾಡ್ತಿದ್ದೀನಿ’ ಥರದ್ದಾದರೆ ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಸರಿ. ಈಗ ಮೇಲ್‌ನಲ್ಲಿ ಬರೆಯುವುದು ‘ಐ ಹ್ಯಾವ್ ಎ ಕ್ವೆಶ್ಚನ್’.