ಸೂತ್ರದಲ್ಲಿ ಅಂಕಿ ಇಡುವುದು ಹೇಗೆ?

ಸೂತ್ರ ಗೊತ್ತಿಲ್ಲದೆ ಲೆಕ್ಕ ತಪ್ಪುವವರು ಕಡಿಮೆ. ಸೂತ್ರ ಕಣ್ಣೆದುರಿಗಿದ್ದು, ಕ್ಯಾಲ್ಕುಲೇಟರ್ ಕೈಯಲ್ಲಿದ್ದೂ ತಪ್ಪುವವರನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಅವರು ಎಡವುವುದು ಗುಣಿಸುವಾಗಲ್ಲ, ಭಾಗಿಸುವಾಗಲೂ ಅಲ್ಲ. ಸೂತ್ರದ ಹೆಸರುಗಳ ಜಾಗದಲ್ಲಿ ಅಂಕಿಗಳನ್ನು ಇಡುವಾಗ. ಹಾಗಾಗಿ ಇಲ್ಲಿ ಹೆಚ್ಚು ಮಾತು ಆ ಹಂತದ ಬಗ್ಗೆಯೇ.

ಹಂತ 1: ಸೂತ್ರವನ್ನು ಕಾಗದದ ಮೇಲೆ ಪೂರ್ತಿ ಬರೆಯಿರಿ. ಮನಸ್ಸಿನಲ್ಲೇ ಇಟ್ಟುಕೊಂಡು ನೇರವಾಗಿ ಗುಂಡಿ ಒತ್ತಬೇಡಿ.

ಹಂತ 2: ಪ್ರತಿ ಅಂಕಿಯ ಮುಂದೆ ಅದರ ಮಾನವನ್ನು (ಮೀಟರ್, ಕಿಲೋಗ್ರಾಂ ಹೀಗೆ) ಬರೆದು, ಸೂತ್ರ ಕೇಳುವ ಮಾನಕ್ಕೆ ಬದಲಿಸಿಕೊಳ್ಳಿ. ದುಂಡನೆಯ ನೀರಿನ ತೊಟ್ಟಿಯ ಘನಫಲ ಪೈ × ತ್ರಿಜ್ಯ² × ಎತ್ತರ. ಅಳತೆಪಟ್ಟಿಯಲ್ಲಿ ನಮಗೆ ಸಿಗುವುದು ವ್ಯಾಸ, ಅದೂ ಸೆಂಟಿಮೀಟರ್‌ನಲ್ಲಿ. ವ್ಯಾಸ 110, ಎತ್ತರ 140 ಸೆಂಟಿಮೀಟರ್ ಇದ್ದರೆ ಸೂತ್ರಕ್ಕೆ ಹೋಗಬೇಕಾದ ಅಂಕಿಗಳು 0.55 ಮತ್ತು 1.4. ಉತ್ತರ 1.33 ಘನ ಮೀಟರ್, ಅಂದರೆ ಸುಮಾರು 1,330 ಲೀಟರ್. ವ್ಯಾಸವನ್ನೇ ತ್ರಿಜ್ಯವೆಂದು ಇಟ್ಟರೆ ಉತ್ತರ ನಾಲ್ಕು ಪಟ್ಟಾಗುತ್ತದೆ.

ಈ ಹಂತವನ್ನು ಹಗುರವಾಗಿ ಕಾಣಬೇಡಿ. 1983ರ ಜುಲೈಯಲ್ಲಿ ಏರ್ ಕೆನಡಾದ ವಿಮಾನವೊಂದಕ್ಕೆ ಇಂಧನ ತುಂಬುವಾಗ, ಲೀಟರನ್ನು ತೂಕಕ್ಕೆ ತರಲು 1.77 ರಿಂದ ಗುಣಿಸಿದರು. ಅದು ಒಂದು ಲೀಟರ್ ಇಂಧನದ ತೂಕ ಪೌಂಡ್‌ಗಳಲ್ಲಿ. ಬೇಕಾಗಿದ್ದುದು ಕಿಲೋಗ್ರಾಂ, ಅಂದರೆ ಸುಮಾರು 0.8. ಬೇಕಾದುದರ ಅರ್ಧದಷ್ಟೂ ಇಂಧನವಿಲ್ಲದೆ ಹೊರಟ ವಿಮಾನದ ಎಂಜಿನ್‌ಗಳು ನಡುದಾರಿಯಲ್ಲಿ ನಿಂತವು. ಪೈಲಟ್‌ಗಳು ಅದನ್ನು ಗಾಳಿಯಲ್ಲಿ ತೇಲಿಸಿಕೊಂಡು ಕೆನಡಾದ ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದ್ದರಿಂದ ಎಲ್ಲರೂ ಬದುಕುಳಿದರು.

ಹಂತ 3: ಆವರಣ ಹಾಕಿ ಅಂಕಿ ಇಡಿ. ನನ್ನ ನಿಯಮ ಒಂದೇ: ಇಡುವ ಪ್ರತಿ ಬೆಲೆಗೂ ಮೊದಲು ಆವರಣ, ಆಮೇಲೆ ಅಂಕಿ. ಭಾಗಾಕಾರದ ಗೆರೆ ಕಂಡರೆ ಮೇಲಿನದಕ್ಕೆ ಒಂದು ಆವರಣ, ಕೆಳಗಿನದಕ್ಕೆ ಇನ್ನೊಂದು. ಮುದ್ರಿತ ಸೂತ್ರದಲ್ಲಿ ಆ ಗೆರೆಯೇ ಆವರಣದ ಕೆಲಸ ಮಾಡುತ್ತಿರುತ್ತದೆ. ಅದನ್ನು ಒಂದೇ ಸಾಲಿಗೆ ತಂದ ಕೂಡಲೇ ಆ ರಕ್ಷಣೆ ಹೋಗುತ್ತದೆ, ಅದನ್ನು ನಾವೇ ಮರಳಿ ಹಾಕಬೇಕು.

ಬಿಎಂಐ ಎಂದರೆ ಕಿಲೋಗ್ರಾಂನಲ್ಲಿನ ತೂಕವನ್ನು ಮೀಟರ್‌ನಲ್ಲಿನ ಎತ್ತರದ ವರ್ಗದಿಂದ ಭಾಗಿಸುವುದು. ತೂಕ 68, ಎತ್ತರ 1.65 ಎಂದುಕೊಳ್ಳಿ. 68 ÷ 1.65 × 1.65 ಎಂದು ಒತ್ತಿದವರಿಗೆ 68 ಬರುತ್ತದೆ, ಅಂದರೆ ಕೊಟ್ಟ ತೂಕವೇ ವಾಪಸ್ಸು. 68 ÷ (1.65 × 1.65) ಎಂದರೆ 24.98. ಫ್ಯಾರನ್‌ಹೀಟ್ 98.6 ಅನ್ನು ಸೆಲ್ಸಿಯಸ್‌ಗೆ ತರುವಾಗಲೂ ಹೀಗೆಯೇ: (98.6 − 32) × 5 ÷ 9 ಎಂದರೆ 37. ಆವರಣ ಬಿಟ್ಟರೆ 80.8 ಬರುತ್ತದೆ.

ಋಣ ಸಂಖ್ಯೆಗೆ ಆವರಣ ಬೇಕೇ ಬೇಕು. ಗಣಿತದ ರೂಢಿಯಲ್ಲಿ −3² ಎಂದರೆ −9, (−3)² ಎಂದರೆ 9. ಎಕ್ಸೆಲ್‌ನಲ್ಲಿ ಆವರಣವಿಲ್ಲದೆ ಬರೆದರೂ 9 ಬರುತ್ತದೆ, ಏಕೆಂದರೆ ಅದು ಋಣ ಚಿಹ್ನೆಯನ್ನು ಘಾತಕ್ಕಿಂತ ಮೊದಲು ಅನ್ವಯಿಸುತ್ತದೆ.

ಕ್ಯಾಲ್ಕುಲೇಟರ್ ಕೊಳ್ಳುವ ಮುನ್ನ 2 + 3 × 4 ಒತ್ತಿ ನೋಡಿ. 14 ಬಂದರೆ ಕೊಳ್ಳಿ. 20 ಬಂದರೆ ಅದು ಎಡದಿಂದ ಬಲಕ್ಕೆ ಒತ್ತಿದ ಹಾಗೆಯೇ ಲೆಕ್ಕ ಮಾಡುವ ಯಂತ್ರ. ಕೂಡಿಸಲು ಸಾಕು, ಸೂತ್ರಕ್ಕೆ ಬೇಡ. ಶೇಕಡಾ ಗುಂಡಿಯನ್ನಂತೂ ಮುಟ್ಟಲೇಬೇಡಿ. ಅದು ಒಂದೊಂದು ಯಂತ್ರದಲ್ಲಿ ಒಂದೊಂದು ರೀತಿ ವರ್ತಿಸುತ್ತದೆ. ಶೇ 9 ಅನ್ನು 0.09 ಎಂದೇ ಬರೆಯಿರಿ.

ಹಂತ 4: ನಡುವೆ ಅಂಕಿಗಳನ್ನು ದುಂಡಾಗಿಸಬೇಡಿ. 5,00,000 ಸಾಲ, ವರ್ಷಕ್ಕೆ ಶೇ 9 ಬಡ್ಡಿ, 60 ತಿಂಗಳು. ತಿಂಗಳ ದರ 0.09 ÷ 12, ಅಂದರೆ 0.0075. ಇದಕ್ಕೆ 1 ಕೂಡಿಸಿ 60ನೇ ಘಾತಕ್ಕೇರಿಸಿದರೆ 1.565681. ಮಾಸಿಕ ಕಂತು (5,00,000 × 0.0075 × 1.565681) ÷ (1.565681 − 1), ಅಂದರೆ 10,379. ದರವನ್ನು 0.008 ಎಂದು ದುಂಡಾಗಿಸಿದ್ದರೆ 10,525 ಬರುತ್ತಿತ್ತು. ತಿಂಗಳಿಗೆ 146ರ ವ್ಯತ್ಯಾಸ 60 ಕಂತುಗಳಲ್ಲಿ ಎಂಟು ಸಾವಿರ ದಾಟುತ್ತದೆ.

ಹಂತ 5: ಉತ್ತರವನ್ನು ಅಂದಾಜಿನೊಂದಿಗೆ ತಾಳೆ ನೋಡಿ. ಬಡ್ಡಿಯೇ ಇಲ್ಲದಿದ್ದರೂ ಮೇಲಿನ ಸಾಲದ ಕಂತು 8,333 ಆಗುತ್ತದೆ. ಅದಕ್ಕಿಂತ ಕಡಿಮೆ ಬಂದರೆ ಎಲ್ಲೋ ತಪ್ಪಿದೆ. ಸ್ಪ್ರೆಡ್‌ಶೀಟ್‌ನಲ್ಲಿ ಸೂತ್ರ ಬರೆಯುವವರು ಉತ್ತರ ಮೊದಲೇ ಗೊತ್ತಿರುವ ಅಂಕಿಗಳನ್ನು ಕೊಟ್ಟು ಪರೀಕ್ಷಿಸಿ: ಫ್ಯಾರನ್‌ಹೀಟ್ 32 ಕೊಟ್ಟರೆ 0 ಬರಬೇಕು, 212 ಕೊಟ್ಟರೆ 100. ಒಂದೇ ಅಂಕಿ ಆಕಸ್ಮಿಕವಾಗಿ ಸರಿಹೊಂದಬಹುದು, ಆದ್ದರಿಂದ ಎರಡನ್ನೂ ಕೊಟ್ಟು ನೋಡಿದ ಮೇಲೆಯೇ ನಿಮ್ಮ ಅಂಕಿ ಹಾಕಿ.