ಇಸವಿ ಇಲ್ಲದ ಜಾಹೀರಾತುಗಳು

ಹಾಸನದ ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ ನನ್ನದೊಂದು ಜೆರಾಕ್ಸ್ ಅಂಗಡಿ. ಹಳೆಯ ಜಾಹೀರಾತಿನ ಹುಚ್ಚು ಹತ್ತಿದ್ದು ಅಲ್ಲಿಯೇ. ಗಿರಾಕಿಯೊಬ್ಬರು ನಕಲಿಗೆಂದು ತಂದ ಜಮೀನು ಪತ್ರಗಳ ಕಟ್ಟಿನಲ್ಲಿ ನಾಟಕದ ಕರಪತ್ರವೊಂದು ಸೇರಿಕೊಂಡಿತ್ತು. ಅದರ ಬುಡದಲ್ಲಿ, ನಾಟಕದ ಹೆಸರಿಗಿಂತ ದಪ್ಪ ಅಕ್ಷರದಲ್ಲಿ, ಒಂದು ಸೋಡಾ ಕಾರ್ಖಾನೆಯ ಪ್ರಕಟಣೆ. "ಇದು ಬೇಡ, ಬಿಸಾಡಿ" ಎಂದರು. ನಾನು ಬಿಸಾಡಲಿಲ್ಲ.

ಮೊದಲ ಎರಡು ವರ್ಷ ನಾನು ಮಾಡಿದ್ದನ್ನು ಸಂಗ್ರಹವೆನ್ನಲು ನಾಚಿಕೆಯಾಗುತ್ತದೆ. ರದ್ದಿ ಅಂಗಡಿಯಲ್ಲಿ ಶಾಲೆಯ ವಾರ್ಷಿಕ ಸಂಚಿಕೆಯೋ ಪಂಚಾಂಗವೋ ಸಂಘದ ಸ್ಮರಣ ಸಂಚಿಕೆಯೋ ಸಿಕ್ಕರೆ, ಜಾಹೀರಾತುಗಳನ್ನಷ್ಟೇ ಕತ್ತರಿಸಿಕೊಂಡು ಉಳಿದದ್ದನ್ನು ಮತ್ತೆ ರದ್ದಿಗೇ ಹಾಕುತ್ತಿದ್ದೆ. ಸಾಲದೆಂಬಂತೆ, ಹೇಗೂ ಯಂತ್ರ ಮನೆಯದೇ ಅಲ್ಲವೇ ಎಂದು ಎಲ್ಲವನ್ನೂ ಲ್ಯಾಮಿನೇಷನ್ ಮಾಡಿಬಿಟ್ಟೆ. ನಾಲ್ಕಾರು ಹಾಳೆಗಳು ಬಿಸಿಗೆ ಒಳಗೇ ಸುಕ್ಕುಗಟ್ಟಿದವು. ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಬಿಡಿಸಲು ಹೋದರೆ ಕಾಗದವೇ ಕಿತ್ತು ಬರುತ್ತದೆ.

ತಪ್ಪು ಅರಿವಾದದ್ದು ತಡವಾಗಿ. ಜಾಹೀರಾತಿನಲ್ಲಿ ಇಸವಿ ಇರುವುದಿಲ್ಲ. ಅಂಗಡಿ ಇಟ್ಟವನಿಗೆ ಅದು ಯಾಕೆ ಬೇಕು? ಅವನ ಲೆಕ್ಕದಲ್ಲಿ ಅಂಗಡಿ ನಾಳೆಯೂ ಇರುತ್ತದೆ, ಮೊಮ್ಮಗನ ಕಾಲಕ್ಕೂ ಇರುತ್ತದೆ. ಇಸವಿ ಇದ್ದದ್ದು ನಾನು ರದ್ದಿಗೆ ಹಾಕಿದ ಮುಖಪುಟದಲ್ಲಿ. ಈಗ ಕತ್ತರಿ ಮುಟ್ಟುವುದಿಲ್ಲ. ಇಡೀ ಪುಸ್ತಕವನ್ನು ಉಳಿಸಿಕೊಂಡು, ಪುಟದ ಎರಡೂ ಬದಿ ಸ್ಕ್ಯಾನ್ ಮಾಡಿ, ಎಲ್ಲಿ ಯಾರಿಂದ ಸಿಕ್ಕಿತೆಂದು ಲಕೋಟೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ.

ಬಿಡಿಹಾಳೆಯ ಕಾಲ ಹಿಡಿಯುವುದು ಮಾತ್ರ ಪತ್ತೇದಾರಿ ಕೆಲಸ. ನಾನು ಮೊದಲು ನೋಡುವುದು ದುಡ್ಡನ್ನು. ಹೊಸ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. 'ನಯಾ ಪೈಸೆ' ಎಂದಿದ್ದರೆ ಅದು 1964ರವರೆಗಿನ ಮಾತು. ಆದರೆ 'ಆಣೆ' ಕಂಡ ಕೂಡಲೇ 1957ಕ್ಕಿಂತ ಹಿಂದಿನದೆಂದು ಕುಣಿಯಬಾರದು. ಐವತ್ತು ಪೈಸೆಗೆ ಎಂಟಾಣೆ ಎನ್ನುವುದನ್ನು ನಮ್ಮ ಊರು ಬಹಳ ಕಾಲ ಬಿಡಲಿಲ್ಲ. ಒಂದೂವರೆ ಆಣೆ, ಆರು ಕಾಸು ಎಂಬಂಥ ಚಿಲ್ಲರೆ ಲೆಕ್ಕ ಇದ್ದರೆ ಹೆಚ್ಚು ನಂಬಬಹುದು. ತೂಕವೂ ಸುಳಿವೇ: ಸೇರು, ಮಣ ಹೋಗಿ ಕಿಲೋ ಬಂದದ್ದು 1958ರಿಂದ 1962ರ ನಡುವೆ, ಹಂತ ಹಂತವಾಗಿ. ವಿಳಾಸದಲ್ಲಿ 573201 ಎಂಬ ಪಿನ್ ಕೋಡ್ ಕಂಡರೆ ಅದು 1972ರ ಆಗಸ್ಟ್ 15ರ ಈಚಿನದು. 'ಮೈಸೂರು ರಾಜ್ಯ' ಎಂದಿದ್ದರೆ ಬಹುಮಟ್ಟಿಗೆ 1973ರ ನವೆಂಬರ್ ಒಂದಕ್ಕೆ ಮೊದಲಿನದು. ಬಹುಮಟ್ಟಿಗೆ ಏಕೆಂದರೆ, ಅಚ್ಚು ಹಾಕಿಸಿಟ್ಟ ಬಿಲ್ ಪುಸ್ತಕ ಮುಗಿಯದೆ ಹೊಸದು ಮಾಡಿಸುವ ವ್ಯಾಪಾರಿ ನಮ್ಮಲ್ಲಿಲ್ಲ. ಪಂಚಾಂಗದ ರಟ್ಟು ಹರಿದಿದ್ದರೂ ಸಂವತ್ಸರದ ಹೆಸರು ಎಲ್ಲೋ ಒಂದು ಕಡೆ ಇರುತ್ತದೆ. ವಿಕಾರಿ ಎಂದರೆ 1959-60, ಇಲ್ಲವೇ 2019-20. ಅರವತ್ತು ವರ್ಷದ ಅಂತರದಲ್ಲಿ ಮೋಸಹೋಗುವಷ್ಟು ದಡ್ಡ ನಾನಲ್ಲ.

ಆ ಮೊದಲ ಕರಪತ್ರ ನನ್ನನ್ನು ಚೆನ್ನಾಗಿ ಗೋಳು ಹೊಯ್ದುಕೊಂಡಿತು. 'ಫೆಬ್ರವರಿ 14, ಶನಿವಾರ' ಎಂದಿದೆ, ಇಸವಿಯಿಲ್ಲ. ಹಳೆಯ ಕ್ಯಾಲೆಂಡರುಗಳನ್ನು ತಾಳೆ ನೋಡಿದೆ: 1942, 1948, 1953, 1959, 1970. ಟಿಕೆಟಿನ ದರ ಮೂರಾಣೆ, ಒಂಬತ್ತಾಣೆ ಎಂದಿದ್ದರಿಂದ ಕೊನೆಯ ಎರಡನ್ನು ಬಿಟ್ಟೆ. ತಲೆಯ ಮೇಲೆ, ಆಮೇಲಷ್ಟೇ ಊರೂರಿಗೆ ಹರಡಿದ 'ಜೈ ಹಿಂದ್' ಇರುವುದರಿಂದ 1942 ಹೋಯಿತು. 1948ರಲ್ಲಾದರೆ ಗಾಂಧೀಜಿ ಹತ್ಯೆಯಾಗಿ ಹದಿನೈದು ದಿನ. ಚಿತಾಭಸ್ಮ ವಿಸರ್ಜಿಸಿದ್ದೇ ಫೆಬ್ರವರಿ 12ರಂದು. ಅಂಥ ದಿನಗಳಲ್ಲಿ 'ನಕ್ಕು ನಕ್ಕು ಸಾಕಾಗುವ' ನಾಟಕವೆಂದು ಊರಿಗೆಲ್ಲ ಹಂಚಿದರೇ? 1953 ಎಂದು ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

ಹಾಳೆಯ ಅಡಿಯ ಸಣ್ಣ ಸಾಲನ್ನು ಎಂದೂ ಬಿಡಬಾರದು. ಮುದ್ರಕರ ಹೆಸರು, ಊರು ಹಾಕಬೇಕೆಂದು 1867ರ ಕಾಯ್ದೆಯೇ ಹೇಳುತ್ತಿತ್ತು. ಆ ಸಾಲು ಹಿಡಿದು ಹೋಗಿಯೇ ಕಾಲಲ್ಲಿ ತುಳಿಯುವ ಟ್ರೆಡಲ್ ಅಚ್ಚುಯಂತ್ರದ ಕಾಲದಲ್ಲಿ ಅಚ್ಚಿನ ಮೊಳೆಗಳನ್ನು, ಅಂದರೆ ಸೀಸದ ಅಕ್ಷರಗಳನ್ನು, ಜೋಡಿಸುತ್ತಿದ್ದ ಕಂಪೋಸಿಟರ್ ಒಬ್ಬರನ್ನು ಕಂಡೆ. ಎರಡು ಜಾಹೀರಾತುಗಳನ್ನು ಮುಂದಿಟ್ಟೆ, ಒಂದು ದರ್ಜಿಯದು, ಇನ್ನೊಂದು ಹೋಟೆಲಿನದು. ಭೂತಗನ್ನಡಿ ಹಿಡಿದು ನೋಡಿ, "ಎರಡೂ ನಮ್ಮವೇ. 'ಳ'ದ ಬಾಲ ಮುರಿದಿದೆ ನೋಡಿ, ಆ ಮೊಳೆ ನನ್ನ ಕೈಯಿಂದಲೇ ಬಿದ್ದದ್ದು" ಎಂದರು. ಬೆರಳು ತೋರಿಸುವ ಕೈಯ ಬ್ಲಾಕ್ ಇದ್ದದ್ದು ಒಂದೇ; ಅದೇ ಕೈ ಸೋಡಾ ಕಾರ್ಖಾನೆಗೂ ಜವಳಿ ಅಂಗಡಿಗೂ ದಾರಿ ತೋರಿಸುತ್ತಿತ್ತು. ದೊಡ್ಡ ಅಕ್ಷರಗಳು ಮರದವು, ಒಂದೊಂದೋ ಎರಡೆರಡೋ ಇರುತ್ತಿದ್ದವು. "ಎರಡನೇ 'ಯ' ಇಲ್ಲದಿದ್ದರೆ ಒಕ್ಕಣೆಯನ್ನೇ ಬದಲಾಯಿಸುತ್ತಿದ್ದೆವು. ಯಜಮಾನರಿಗೆ ಹೇಳಿದರೆ ಹೇಳಿದೆವು, ಇಲ್ಲದಿದ್ದರೆ ಇಲ್ಲ" ಎಂದು ನಕ್ಕರು. ವ್ಯಾಪಾರಿಯ ಮಾತು ಎಂದು ನಾನು ಓದುತ್ತಿದ್ದುದರಲ್ಲಿ ಎಷ್ಟು ಪಾಲು ಮೊಳೆಗಳ ಕೊರತೆಯ ಮಾತು ಎಂಬ ಅನುಮಾನ ಅಂದಿನಿಂದ ಹೋಗಿಲ್ಲ.

ಒಕ್ಕಣೆಗಳಲ್ಲಿ ನನಗೆ ಬಲು ಇಷ್ಟವಾದದ್ದು 'ನಮ್ಮಲ್ಲಿ ಬೇರೆ ಶಾಖೆಗಳಿಲ್ಲ'. ಮೊದಮೊದಲು ಇದನ್ನು ವಿನಯವೆಂದುಕೊಂಡಿದ್ದೆ, ಆದರೆ ಇದು ಜಗಳ. ಈ ಸಾಲು ಕಂಡರೆ ಅದೇ ಬೀದಿಯ ಇನ್ನೊಂದು ಅಂಗಡಿಯನ್ನು ಹುಡುಕುತ್ತೇನೆ. ಗಾಂಧಿ ಬಜಾರಿನ ಒಂದು ಪ್ರಕರಣದಲ್ಲಿ, ಅಣ್ಣತಮ್ಮಂದಿರು ಪಾಲಾಗಿ ಒಂದೇ ದೇವರ ಹೆಸರಿನಲ್ಲಿ ಎದುರುಬದುರು ಕೂತಿದ್ದರು. ವಸತಿಗೃಹಗಳವರಿಗೆ ಬೇರೆಯೇ ಚಿಂತೆ. 'ಬೇಲೂರು 24 ಮೈಲಿ' ಎಂದು ಬರೆದು, ಅಲ್ಲಿಗೆ ಹೋಗುವ ಯಾತ್ರಿಕರು ಇಲ್ಲಿಯೇ ಇಳಿದುಕೊಳ್ಳುವುದು ಏಕೆ ಲೇಸೆಂದು ವಿವರಿಸುತ್ತಾರೆ: ಬಿಸಿನೀರು, ಬಸ್ ನಿಲ್ದಾಣಕ್ಕೆ ಹತ್ತಿರ, ಶುಚಿ, ರುಚಿ. ಹಾಸನಾಂಬೆಯ ಬಾಗಿಲು ತೆಗೆಯುವ ದಿನಗಳಿಗೆಂದೇ ಅಚ್ಚಾದ ಚೀಟಿಗಳೂ ನನ್ನಲ್ಲಿ ಎರಡಿವೆ. ಕಲಾಯಿಯವರು, ಕೊಡೆ ರಿಪೇರಿಯವರು ಅಚ್ಚು ಹಾಕಿಸಿದ್ದು ನನಗೆ ಇದುವರೆಗೆ ಕಂಡಿಲ್ಲ. ಅವರ ಜಾಹೀರಾತು ಬೀದಿಯಲ್ಲಿ ಕೂಗಿದ ಕೂಗು, ಅದು ಸ್ಕ್ಯಾನರಿಗೆ ಸಿಗುವುದಿಲ್ಲ.

ಕಳೆದ ದೀಪಾವಳಿಯ ಹೊತ್ತಿಗೆ ಅಜ್ಜಿಯೊಬ್ಬರು ಆಧಾರ್ ನಕಲಿಗೆ ಬಂದಿದ್ದರು. ಗೋಡೆಗೆ ಅಂಟಿಸಿದ್ದ ಹೋಟೆಲ್ ಜಾಹೀರಾತಿನ ಪ್ರತಿಯನ್ನು ಬಹಳ ಹೊತ್ತು ನೋಡಿ, "ನಮ್ಮ ಯಜಮಾನರು ಇಲ್ಲೇ ಅಡುಗೆಗಿದ್ದದ್ದು. ಫೋನ್ ನಂಬರು 47, ಸರಿಯಾಗಿದೆ" ಎಂದರು. ಮದುವೆಯಾದ ವರ್ಷ ಅವರು ಅಲ್ಲಿ ಕೆಲಸಕ್ಕೆ ಸೇರಿದ್ದರಂತೆ. ಆ ಹಾಳೆಗೆ ಹತ್ತಿರದ ಒಂದು ಇಸವಿ ಸಿಕ್ಕಿತು. ತಮಗೂ ಒಂದು ಬೇಕೆಂದರು. ಹೊಸದೊಂದು ಪ್ರತಿ ತೆಗೆದು, ಅದನ್ನು ಲ್ಯಾಮಿನೇಷನ್ ಮಾಡಿ ಕೊಟ್ಟೆ. ದುಡ್ಡು ಬೇಡವೆಂದರೂ ಕೇಳದೆ ಇಪ್ಪತ್ತು ರೂಪಾಯಿಯನ್ನು ಗಾಜಿನ ಮೇಲಿಟ್ಟು ಹೋದರು.